ಮಾಳವ್ವ ಬಾರದ ಸುಗ್ಗಿ

ಹೂಂ ಅನ್ಕೋತ ಕೂಡ್ರಿ, ನಾ ಹೇಳ್ಕೋತ ಹೋಗ್ತೀನಿ. ನಿಮ್ಮ ಹೂಂ ನಿಂತ್ರ ನನ್ನ ಕಥಿನೂ ನಿಂತೀತು, ನೋಡ್ರಿ ಮತ್ತ.

ಒಂದು ನಾಡು ಇತ್ತು. ಹೆಸರು ಕೇಳಬ್ಯಾಡ್ರಿ, ನನಗ ಹೇಳಿದಾಕಿಗೂ ಗೊತ್ತಿರಲಿಲ್ಲ. ಆ ನಾಡಿನ ಒಂದು ಊರಾಗ ತಿಪ್ಪವ್ವ ಅಂತ ಒಬ್ಬಾಕಿ ಒಕ್ಕಲಗಿತ್ತಿ. ಗಂಡ ಇದ್ದ, ಮಗ ಇದ್ದ, ಸಾವಂತ್ರಿ ಅಂತ ಬಂಗಾರದಂಥ ಸೊಸಿ ಇದ್ಲು. ಉಣ್ಣಾಕ ಜೋಳ ಇತ್ತು, ಹಿತ್ತಲದಾಗ ಪುಂಡಿಸೊಪ್ಪು ಇತ್ತು.

ಆಕಿಗೊಬ್ಬಾಕಿ ಗೆಳತಿ ಇದ್ಲು, ಮಾಳವ್ವ. ಕುರುಬರಾಕಿ. ಕುರಿ ಹೊಡ್ಕೊಂಡು ಊರೂರು ತಿರುಗೋ ಮಂದಿ. ಸುಗ್ಗಿ ಮುಗಿದು ಹೊಲ ಬರಿದಾತು ಅಂದ್ರ ಮಾಳವ್ವನೂ ಆಕಿ ಗಂಡನೂ ಬರವ್ರು. ತಿಪ್ಪವ್ವನ ಹೊಲದಾಗ ಕುರಿ ತರುಬಿ ನಿಲ್ಲಿಸವ್ರು. ಕುರಿಗೆ ಮೇವು ಆಗ್ತಿತ್ತು, ಹೊಲಕ್ಕ ಗೊಬ್ಬರ ಆಗ್ತಿತ್ತು. ಹದಿನೈದು ದಿನ ಇದ್ದು ಮುಂದಿನೂರಿಗೆ ಹೋಗವ್ರು.

ಇವರಿಬ್ಬರಿಗೂ ಗೆಳೆತನ ಹ್ಯಾಂಗಾತು? ಕೇಳ್ರಿ. ಮೊದಲನೇ ವರ್ಷ ಬಂದಾಗ ಮಾಳವ್ವ ಒಲಿಗೆ ಕೆಂಡ ಕೇಳಾಕ ತಿಪ್ಪವ್ವನ ಬಾಗಿಲಿಗೆ ಬಂದ್ಲು. ಒಳಗ ಪುಂಡಿಪಲ್ಯ ಕುದೀತಿತ್ತು.

"ಏನಬೇ ಅದು? ವಾಸನಿಗೇ ಬಾಯಾಗ ನೀರು ಬಂತು!"

"ಹಂಗಾರ ಕೂಡ್ರಬೇ, ಉಂಡು ಹೋಗು."

ತಿಪ್ಪವ್ವ ಗಂಗಾಳದಾಗ ಜೋಳದ ನುಚ್ಚು ಹಾಕಿದ್ಲು, ಮ್ಯಾಲ ಪಲ್ಯ ಹಾಕಿದ್ಲು, ಬಳ್ಳೊಳ್ಳಿ ಒಗ್ಗರಣಿ ಸುರುವಿದ್ಲು. ಮಾಳವ್ವ ಒಂದು ತುತ್ತು ಉಂಡ್ಲು. ಎದ್ದು ಹೊಲಕ್ಕ ಓಡಿದ್ಲು. ಯಾಕ? ಖಾರ ಹತ್ತಿತೇನು? ಅಲ್ರೀ! ಕುರಿಹಾಲಿನ ಗಟ್ಟಿ ಮೊಸರು ತರಾಕ ಓಡಿದ್ದು. ತಂದು ಪಲ್ಯದ ಮ್ಯಾಲ ಹಾಕಿದ್ಲು. ಇಬ್ಬರೂ ಒಂದೇ ಗಂಗಾಳದಾಗ ಉಂಡ್ರು. ಅವತ್ತು ಸುರುವಾದ ಊಟ ಒಂದು ವರ್ಷ ನಡೀಲಿಲ್ಲ, ಎರಡು ವರ್ಷ ನಡೀಲಿಲ್ಲ, ಇಪ್ಪತ್ತು ವರ್ಷ ನಡೀತು. ಉಣ್ಣೂದು ಅರ್ಧ ತಾಸು, ಮಾತು ಹೊತ್ತು ಮುಣುಗೂತನ. ಹಡದಿದ್ದು, ಕಳಕೊಂಡಿದ್ದು, ಗಂಡಂದಿರ ಮ್ಯಾಲಿನ ಸಿಟ್ಟು, ಎಲ್ಲಾ ಆ ಗಂಗಾಳದ ಮುಂದನ ಆಗ್ತಿತ್ತು.

ಆಮ್ಯಾಲ ಒಂದು ಸುಗ್ಗಿ ಬಂತು. ಮಾಳವ್ವ ಬರಲಿಲ್ಲ.

ತಿಪ್ಪವ್ವ ದಿನಾ ಪುಂಡಿಪಲ್ಯ ಮಾಡಿಸಿದ್ಲು, ದಿನಾ ದಾರಿ ನೋಡಿದ್ಲು. ಊಟಕ್ಕ ಕುಂತು, "ಸಾವಂತ್ರಿ, ಉಪ್ಪು ಕಡಿಮಿ ಆಗೈತಿ" ಅಂದ್ಲು. ಸೊಸಿ ಉಪ್ಪು ಹಾಕಿದ್ಲು.

ಎರಡನೇ ಸುಗ್ಗಿ ಬಂತು. ಮಾಳವ್ವ ಬರಲಿಲ್ಲ. "ಸಾವಂತ್ರಿ, ಹುಳಿ ಸಾಲ್ದು." ಸೊಸಿ ಹುಳಿ ಹೆಚ್ಚಿಗಿ ಮಾಡಿದ್ಲು.

ಮೂರನೇ ಸುಗ್ಗಿ ಬಂತು. ಮಾಳವ್ವ ಬರಲಿಲ್ಲ. "ಸಾವಂತ್ರಿ, ಖಾರನ ಇಲ್ಲಲ್ಲವಾ."

ಸಾವಂತ್ರಿ ಸೌಟು ಕೆಳಗಿಟ್ಲು. "ಅತ್ತೀ, ಉಪ್ಪೂ ಸರಿ ಐತಿ, ಹುಳಿನೂ ಸರಿ ಐತಿ, ಖಾರನೂ ಸರಿ ಐತಿ. ನಿಮಗ ಕಡಿಮಿ ಆಗಿದ್ದು ನನ್ನ ಡಬ್ಬ್ಯಾಗ ಇಲ್ರಿ. ಹೋಗಿ ನೋಡಿ ಬರ್ರಿ. ಒಲಿ ನಾ ನೋಡ್ಕೋತೀನಿ."

ಗಂಡ ಬ್ಯಾಡ ಅಂದ. ಮಗ ಬ್ಯಾಡ ಅಂದ. ತಿಪ್ಪವ್ವ ಬುತ್ತಿ ಕಟ್ಕೊಂಡು ಹೊಂಟೇ ಬಿಟ್ಲು.

ಒಂದು ದಿನ ನಡೆದ್ಲು, ಕುರಿಹಟ್ಟಿ ಸಿಕ್ತು. "ಮಾಳವ್ವನ ಕಂಡೀರೇನ್ರೋ?" "ಇಲ್ಲ ತಾಯಿ, ಮುಂದ ಕೇಳು." ಎರಡನೇ ದಿನ ನಡೆದ್ಲು, ಇನ್ನೊಂದು ಹಟ್ಟಿ ಸಿಕ್ತು. "ಮಾಳವ್ವನ ಕಂಡೀರೇನ್ರೋ?" ಅವರು ಮಾರಿ ಮಾರಿ ನೋಡ್ಕೊಂಡ್ರು. "ಬ್ಯಾನಿ ಬಂದು ಅವರ ಕುರಿ ಎಲ್ಲಾ ಸತ್ತುವವ್ವಾ. ಒಂದೂ ಉಳೀಲಿಲ್ಲ." ಮೂರನೇ ದಿನ ಮತ್ತೊಂದು ಹಟ್ಟಿ. ಅಲ್ಲೊಬ್ಬ ಮುದುಕ ಕೋಲು ಎತ್ತಿ ತೋರಿಸಿದ. "ಆ ಕಲ್ಲಗುಡ್ಡದ ಕೆಳಗಿನ ಊರಾಗ, ಮೈದುನನ ಮನ್ಯಾಗ ಅದಾರ. ಆಕಿ ಮಂದಿ ಮನಿ ಜೋಳ ತಂದು ಕುಟ್ಟಿ ಕೊಡ್ತಾಳ."

ತಿಪ್ಪವ್ವ ಹೋಗಿ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಮೈದುನನ ಮನಿ ಬಾಗಿಲು ಮುಚ್ಚಿತ್ತು. ಒಳಗ ಒನಕಿ ಸಪ್ಪಳ.

"ಮಾಳವ್ವಾ! ನಾ ತಿಪ್ಪವ್ವ ಬಂದೀನಿ!"

ಸಪ್ಪಳ ನಿಂತಿತು. ಒಳಗಿಂದ ಒಂದು ದನಿ ಬಂತು: "ಮಾಳವ್ವ ಇಲ್ಲ."

ಯಾರ ದನಿ ಅದು? ಇಪ್ಪತ್ತು ವರ್ಷ ಕೇಳಿದ ದನಿ ತಿಪ್ಪವ್ವಗ ಗೊತ್ತಾಗೂದಿಲ್ಲೇನು? ಆದ್ರೂ ಸಿಟ್ಟಾಗಲಿಲ್ಲ.

"ಎಲ್ಲಿಗಿ ಹೋಗ್ಯಾಳ?"

"ದೂರ ಹೋಗ್ಯಾಳ."

"ಯಾವಾಗ ಬರ್ತಾಳ?"

ಒಳಗ ಒನಕಿ ಮತ್ತ ಎರಡು ಸಲ ಬಿತ್ತು. ಆಮ್ಯಾಲ, "ಇನ್ನ ಬರೂದಿಲ್ಲ. ನೀ ಹೋಗವ್ವಾ."

ತಿಪ್ಪವ್ವ ಕಟ್ಟಿ ಮ್ಯಾಲ ಕುಂತ್ಲು. ಕಾಲು ಬಾತಿದ್ದುವು. ಬುತ್ತಿ ನಿನ್ನೆನ ಮುಗಿದಿತ್ತು. "ಆತು ಬಿಡು. ಮಾಳವ್ವ ಇಲ್ಲಂದ್ರ ಇಲ್ಲ. ನೀ ಯಾರರ ಆಗು. ಮೂರು ದಿನ ನಡದೀನಿ. ನನಗ ಹಸಿವಾಗೈತಿ."

ಕೇಳ್ರಿ, ಹಸಿವಾಗೈತಿ ಅಂದ ಮ್ಯಾಲ ಮಾಳವ್ವನ ಕೈ ಸುಮ್ಮನಿದ್ದೀತೇನು? ಅಗಳಿ ಸರೀತು. ಬಾಗಿಲು ತೆಗೀತು.

ತಿಪ್ಪವ್ವ ಒಳಗ ಬಂದ್ಲು. ಮಾಳವ್ವ ಒಲಿ ಹೊತ್ತಿಸಿದ್ಲು, ನುಚ್ಚು ಬೇಯಿಸಿದ್ಲು. ಪಲ್ಯ ಇಲ್ಲ, ಮೊಸರಿಲ್ಲ. ಒಂದು ಹರಳು ಉಪ್ಪು, ಒಂದು ಹಸಿಮೆಣಸಿನಕಾಯಿ. ಗಂಗಾಳ ಗೆಳತಿ ಮುಂದ ಇಟ್ಟು ತಲಿ ತಗ್ಗಿಸಿ ನಿಂತ್ಲು.

"ಕೂಡ್ರಬೇ" ಅಂದ್ಲು ತಿಪ್ಪವ್ವ. "ನಾ ಯಾವತ್ತರ ಒಬ್ಬಾಕೇ ಉಂಡೀನೇನು?"

ಮಾಳವ್ವ ಕುಂತ್ಲು. ತುತ್ತು ಎತ್ತಿದ್ಲು, ತಿರುಗಿ ಗಂಗಾಳಕ್ಕಿಟ್ಲು. "ಇಪ್ಪತ್ತು ವರ್ಷ ಗಡಿಗಿ ತುಂಬ ಮೊಸರು ಹೊತ್ತು ಬಂದೆ. ಬರೇ ಕೈಲೆ ಹ್ಯಾಂಗ ಬರ್ಲಿ ತಿಪ್ಪವ್ವಾ? ನಾಚಿಕಿ ಆತು."

"ಹುಚ್ಚಿ! ದಾರಿ ನೋಡ್ಕೋತ ನಿಂತಾಕಿ ಗಡಿಗಿ ನೋಡ್ತಿದ್ದೆ ಅಂತ ತಿಳದೀಯೇನು?"

ಆಗ ಅತ್ತಳು ನೋಡ್ರಿ ಮಾಳವ್ವ! ಕುರಿ ಸತ್ತಾಗ ಅತ್ತಿರಲಿಲ್ಲಂತ, ಮೂರು ವರ್ಷದ್ದು ಅವತ್ತು ಅತ್ತಳು.

"ನಮ್ಮೂರಿಗೆ ಬಂದುಬಿಡು" ಅಂತ ತಿಪ್ಪವ್ವ ಕರೆದ್ಲು. "ಹ್ಯಾಂಗ ಬರ್ಲಿ? ಕುರಿ ಹೋದ ಮ್ಯಾಲ ನನ್ನ ಗಂಡ ಮಾತ ಬಿಟ್ಟಾನ. ನಾ ಉಣಿಸಿದ್ರ ಉಣ್ತಾನ, ಇಲ್ಲಂದ್ರ ಇಲ್ಲ." ತಿಪ್ಪವ್ವ ಮೂರು ದಿನ ಇದ್ಲು, ಕುಟ್ಟಾಕ ಕೈ ಹಚ್ಚಿದ್ಲು, ಹೊಂಟ್ಲು. ಊರ ಹೊರಗ ಮಾಳವ್ವ ಆಕಿ ಸೆರಗು ಹಿಡಿದು ಹೇಳಿದ್ಲು, "ಮುಂದಿನ ಸುಗ್ಗಿಗೆ ಬರ್ತೀನಿ. ಬರೇ ಕೈ ಬೀಸ್ಕೋತ ಬರ್ತೀನಿ."

ಬಂದ್ಲೇನು? ಬಂದ್ಲು! ಗಂಡನ ಊಟ ಮೈದುನನ ಹೇಣ್ತಿ, ನೆಗೆಣ್ಣಿಗೆ ಒಪ್ಪಿಸಿ, ಒಬ್ಬಾಕೇ ನಡ್ಕೊಂಡು ಬಂದ್ಲು. ಎಂಟು ದಿನ ಇದ್ಲು. ಎಂಟು ದಿನನೂ ತಿಪ್ಪವ್ವನ ಮನ್ಯಾಗ ನಗೀನ ನಗಿ. ಒಂಬತ್ತನೇ ದಿನ ಹೋದ್ಲು. ಹೋಗಲೇಬೇಕಲ್ಲ?

ಮರುದಿನ ತಿಪ್ಪವ್ವ ಊಟಕ್ಕ ಕುಂತ್ಲು. ಕುಂತಾಕಿ ಅರಿವಿಲ್ದನ ಒಂದಿಷ್ಟು ಸರಿದ್ಲು, ಬಾಜೂಕ ಯಾರೋ ಕೂಡ್ರಾವ್ರು ಅದಾರ ಅನ್ನೂವಂಗ. ಜಾಗ ಖಾಲಿ ಇತ್ತು. ಆಕಿ ಕೈ ಗಂಗಾಳದಾಗ ನಿಂತಿತು.

ಅತ್ತಿ ಉಂಡಾದ ಮ್ಯಾಲ ಸೊಸಿ ಉಣ್ಣೂದು ಆ ಮನಿ ಪದ್ಧತಿ. ಸಾವಂತ್ರಿ ನೋಡಿದ್ಲು. ತನ್ನ ಪಾಲಿನ ನುಚ್ಚು ತಂದು ಅತ್ತಿ ಗಂಗಾಳಕ್ಕನ ಸುರುವಿ, ಆ ಖಾಲಿ ಜಾಗದಾಗ ಕುಂತ್ಲು.

"ಹೇಳ್ರಿ ಅತ್ತೀ" ಅಂದ್ಲು. "ಮಾಳವ್ವಾಯಿ ಮೊದಲ ಸಲ ಬಂದಾಗ ಹ್ಯಾಂಗಿದ್ಲು?"

ತಿಪ್ಪವ್ವ ಹೇಳಾಕ ಸುರು ಮಾಡಿದ್ಲು.

ಆಕಿ ಹೇಳೂದು ಇನ್ನೂ ಮುಗಿದಿಲ್ಲ, ನಂದು ಮುಗೀತು. ಏಳ್ರಿ ಇನ್ನ. ನಿಮ್ಮ ಮನ್ಯಾಗೂ ಯಾರೋ ಉಣ್ಣದ ಕಾಯ್ಕೋತ ಕುಂತಿರ್ತಾರ.