ಹೊದಿಕೆಯ ಒಳಮೈ

ಆವತ್ತು ಬೆಳಗ್ಗೆ ಎಂಥ ಚಳಿ ಅಂತೀರಿ. ಮಂಜು ಇಳಿದು ಎದುರುಮನೆಯ ಬಾಗಿಲೂ ಕಾಣುತ್ತಿರಲಿಲ್ಲ. ಮೂಡಲ ಗಾಳಿ ಕಿಟಕಿಯ ಸಂದಿಯಲ್ಲಿ ನುಗ್ಗಿ, ಒಲೆಯ ಮುಂದೆ ಕೂತವರನ್ನೂ ನಡುಗಿಸುತ್ತಿತ್ತು. ಅಂಥ ಬೆಳಗಿನಲ್ಲಿ ಒಂದೂರಿನ ಸಿರಿವಂತರ ಮನೆಯಲ್ಲಿ ಎಳೆಗೂಸೊಂದು ಒಂದೇ ಸಮನೆ ಅಳುತ್ತಿತ್ತು. ಬಜೆ ತೇದು ನೆಕ್ಕಿಸಿದರು, ಅಳು ನಿಲ್ಲಲಿಲ್ಲ. ದೃಷ್ಟಿ ತೆಗೆದರು, ನಿಲ್ಲಲಿಲ್ಲ.

ಆ ಕೂಸಿನ ಅಜ್ಜಿಯ ಹೆಸರು ನೀಲವ್ವ. ಹೆಸರು ಹೇಳದಿದ್ದರೆ ನೀವು ಪಕ್ಕದ ಮನೆಯವರನ್ನು ನೆನೆಸಿಕೊಳ್ಳುತ್ತೀರಿ, ಅದಕ್ಕೆ ಹೇಳಿದೆ.

ನೋಡಿ, ಮೊಮ್ಮಗ ಹುಟ್ಟಿದಾಗ ನೀಲವ್ವನಿಗೆ ಒಂದು ಆಸೆ ಬಂತು. ಅಂಗಡಿಯ ಹೊದಿಕೆ ಬೇಡ, ತನ್ನ ಕೈಯಾರೆ ಹೆಣೆದದ್ದೇ ಆಗಬೇಕು. ಜನ್ಮದಲ್ಲಿ ಹೆಣಿಗೆಯ ಕಡ್ಡಿ ಮುಟ್ಟಿದವಳಲ್ಲ. ಓಣಿಯಲ್ಲಿ ಹೆಣಿಗೆ ಬಲ್ಲ ಅಂಬಕ್ಕನ ಹತ್ತಿರ ಕಲಿಯಲು ಕೂತಳು. ಒಂದು ಕುಣಿಕೆ ನೇರ, ಒಂದು ಉಲ್ಟಾ. ಹಾಗೆ ಹೆಣೆಯುತ್ತ ಹೋದರೆ ಜೋಳದ ಕಾಳು ಹರಡಿದಂತೆ ಮೈಯೆಲ್ಲ ಉಬ್ಬುಬ್ಬು, ಕೈಯಿಟ್ಟರೆ ಬೆಚ್ಚಗೆ. ಚೆನ್ನಾಗಿಯೇ ಬರುತ್ತಿತ್ತು. ನಡುವೆಲ್ಲೋ ಒಂದು ಕುಣಿಕೆ ಕಡ್ಡಿಯಿಂದ ಜಾರಿತು. ಅದು ಕಣ್ಣಿಗೆ ಬೀಳುವಷ್ಟರಲ್ಲಿ ಮೇಲೆ ಗೇಣುದ್ದ ಹೆಣೆದಾಗಿತ್ತು.

"ಅಲ್ಲಿತನಾ ಬಿಚ್ಚ್ರಿ ಅಕ್ಕಾರ," ಎಂದಳು ಅಂಬಕ್ಕ. "ಹೊಸದಾಗಿ ಕಲಿಯೋರು ಬಿಚ್ಚಿ ಬಿಚ್ಚೇ ಕಲೀಬೇಕು. ನಾಚಿಕಿ ಏನದ ಇದ್ರಾಗ?"

"ಬಿಚ್ಚತೀನಿ ಬಿಡವಾ," ಎಂದಳು ನೀಲವ್ವ.

ಬಿಚ್ಚಿದಳೇ? ಇಲ್ಲ. ತೊಟ್ಟಿಲು ಹಾಕುವ ದಿನ ಹತ್ತಿರ ಬಂದಿತ್ತು. ಹೊದಿಕೆ ಮುಗಿಯದಿದ್ದರೆ ನಾಲ್ಕು ಜನ ನಕ್ಕಾರು ಎಂಬ ಅಂಜಿಕೆ. ಕುಣಿಕೆ ಜಾರಿ ಬಿದ್ದ ಕಿಂಡಿಯನ್ನು ಒಳಮಗ್ಗುಲಿಗೆ ಎಳೆದು, ಸಡಿಲಾಗಿ ಒಂದು ಎಳೆ ಬಿಟ್ಟು, ಗಂಟು ಹಾಕಿದಳು. ಹೊರಗಿನಿಂದ ಯಾರಿಗೂ ಕಾಣದು. ತೊಟ್ಟಿಲ ದಿನ ಹೊಗಳಿದ್ದೇ ಹೊಗಳಿದ್ದು. "ಮೊದಲನೇ ಸಲಕ್ಕs ಹಿಂಗ ಹೆಣದಾರಂದ್ರ, ಇನ್ನ ನಮ್ಮ ಅಂಗಡಿ ಬಾಗಲಾ ಹಾಕೂದs ಸೈ," ಎಂದು ಉಲ್ಲನ್ ಹೊದಿಕೆ ಮಾರುವ ಅಂಗಡಿಯವಳು ನಗಿಸಿದಳು. ನೀಲವ್ವನೂ ನಕ್ಕಳು.

ಈಗ ಆ ಚಳಿಯ ಬೆಳಗಿಗೆ ಬನ್ನಿ. ಕೂಸು ಅದೇ ಹೊದಿಕೆಯಲ್ಲಿತ್ತು. ಸೊಸೆ ಸುವರ್ಣಾ ಮೆಲ್ಲಗೆ ಹೇಳಿದಳು, "ಅತ್ತಿ, ಒಮ್ಮೆ ಬಿಚ್ಚಿ ನೋಡೂಣ್ರಿ. ಇದು ಹಸಿವಿನ ಅಳು ಅಲ್ಲ."

"ಇಂಥಾ ಥಂಡ್ಯಾಗ ಕೂಸಿನ ಮೈ ಬಿಚ್ಚತಾರೇನು? ನಿನಗ ಕೂಸು ಹಿಡಿಯಾಕs ಬರಂಗಿಲ್ಲ. ತಾ ಇಲ್ಲೆ."

ಅಳು ಕೇಳಿ ಬಂದಿದ್ದ ಓಣಿಯ ಹೆಂಗಸರ ಮುಂದೆಯೇ ನೀಲವ್ವ ತಾಯಿಯ ಮಡಿಲಿನಿಂದ ಕೂಸನ್ನು ಕಸಿದುಕೊಂಡಳು. ಇನ್ನಷ್ಟು ಬಿಗಿಯಾಗಿ ಸುತ್ತಿದಳು. ಅತ್ತಷ್ಟೂ ಸುತ್ತಿದಳು, ಸುತ್ತಿದಷ್ಟೂ ಅತ್ತಿತು. ಆಮೇಲೆ ಅಳು ಸಣ್ಣಗಾಯಿತು. ಅತ್ತು ಅತ್ತು ದನಿ ಸೋತ ಅಳು. ಆಗ ನೀಲವ್ವನಿಗೆ ತಾನು ಹಾಕಿದ ಗಂಟು ನೆನಪಾಯಿತು. ಒಳಗಿನ ಆ ಸಡಿಲು ಎಳೆ ಎಲ್ಲಿದೆ? ಕೂಸಿನ ಕಾಲ ಹತ್ತಿರ. ಲೋಕದಲ್ಲಿ ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ.

ಬಿಚ್ಚಿದರೆ ಎಲ್ಲರೂ ನೋಡುತ್ತಾರೆ. ಬಿಚ್ಚದಿದ್ದರೆ?

ಬಿಚ್ಚಿದಳು. ಎಳೆ ಕಾಲಿನ ಕಿರುಬೆರಳಿಗೆ ಸುತ್ತಿಕೊಂಡಿತ್ತು. ಕೂಸು ಕಾಲು ಜಾಡಿಸಿದಷ್ಟೂ ಬಿಗಿದು ಬಿಗಿದು ಮಾಂಸದೊಳಗೆ ಇಳಿದಿತ್ತು. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕತ್ತರಿ ಹಿಡಿಯಲು ನೀಲವ್ವನ ಕೈ ಏಳಲಿಲ್ಲ. ಸುವರ್ಣಾ ಬಗ್ಗಿ, ಉಸಿರು ಹಿಡಿದು, ಕತ್ತರಿಯ ತುದಿಯಿಂದ ಆ ಎಳೆಯನ್ನು ಕತ್ತರಿಸಿದಳು.

ಬೆರಳು ಉಳಿಯಿತೇ ಎಂದು ಕೇಳುತ್ತೀರಿ. ತಡೆಯಿರಿ. ಮೊದಲು ನಾನು ಕೇಳುತ್ತೇನೆ. ನಿಮ್ಮ ಹೊದಿಕೆಯ ಒಳಮೈಯಲ್ಲಿ ಏನಿದೆ? ಕೀಲಿಕೈ ಕಳೆದವರು ನೀವು, ಬೈಸಿಕೊಂಡವಳು ಕೆಲಸದಾಕೆ. ಮಾತು ತಪ್ಪಿದವರು ನೀವು, ಕೆಟ್ಟವನಾದದ್ದು ತಮ್ಮ. ಹೊರಗೆ ಚೆಂದ ಕಾಣುತ್ತದೆ, ನಿಜ. ಆದರೆ ಆ ಎಳೆ ಸುಮ್ಮನಿರುವುದಿಲ್ಲ ತಾಯಂದಿರೇ, ಸುಮ್ಮನಿರುವುದಿಲ್ಲ. ಅದು ನಿಮ್ಮ ಬೆರಳನ್ನು ಹುಡುಕುವುದಿಲ್ಲ, ಬಾಯಿ ಬಾರದವರ ಬೆರಳನ್ನು ಹುಡುಕುತ್ತದೆ. ಭಯಪಡಿ. ದೇವರಿಗೆ ಭಯಪಡುವ ಮೊದಲು ಅದಕ್ಕೆ ಭಯಪಡಿ. ಇವತ್ತು ಮನೆಗೆ ಹೋದವರೇ, ಚಪ್ಪಲಿ ಬಿಟ್ಟು, ಊಟಕ್ಕೆ ಕೂರುವ ಮೊದಲು, ನಿಮ್ಮ ತಪ್ಪಿಗೆ ಯಾರು ಬೈಸಿಕೊಂಡರೋ ಅವರ ಮುಂದೆ ಹೋಗಿ ಅದನ್ನು ಬಿಚ್ಚಿ. ನಾಳೆ ಎನ್ನಬೇಡಿ. ಗೇಣುದ್ದ ಇರುವಾಗಲೇ ಬಿಚ್ಚಿ.

ಬೆರಳು ಉಳಿಯಿತು. ಬಹಳ ಹೊತ್ತು ಕಪ್ಪಾಗಿಯೇ ಇತ್ತು. ನಿಧಾನವಾಗಿ, ಬಲು ನಿಧಾನವಾಗಿ, ಉಗುರಿನ ಕೆಳಗೆ ಕೆಂಪು ಹರಿಯಿತು.

ನೀಲವ್ವ ಹೆಂಗಸರ ಮುಂದೆ ಹೊದಿಕೆಯ ಒಳಮೈ ತಿರುಗಿಸಿ, ಗಂಟು ತೋರಿಸಿದಳು. "ಇದನ್ನ ಹಾಕಿದಾಕಿ ನಾನು. ಈಕೀದು ಏನೂ ತಪ್ಪಿಲ್ಲ," ಎಂದಳು. ಆಮೇಲೆ ಎದ್ದು ಹೋಗಿ, ಕಸಿದುಕೊಂಡಿದ್ದ ಕೂಸನ್ನು ಸುವರ್ಣಾಳ ಮಡಿಲಿಗೆ ಇಟ್ಟಳು.