ಗುಡಿಗೆ ಮುಖ ಮಾಡಿ ಕೂತವಳು

ಮಧ್ಯಾಹ್ನ ಹಿಡಿದ ಮಳೆ ಬಿಡುವ ಹಾಗೆ ಕಾಣಲಿಲ್ಲ. ಯಮುನೆಯ ಗುಡಿಗೆ ಹತ್ತುವ ದಾರಿಯಲ್ಲಿ ಗುಡ್ಡ ಜರಿದಿದೆ ಅಂತ ಪೊಲೀಸರು ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಬೆನ್ನಬುಟ್ಟಿಯಲ್ಲಿ ಯಾತ್ರಿಕರನ್ನು ಹೊರುವ ನಾವು ಏಳೆಂಟು ಜನ, ಬುಟ್ಟಿಗಳನ್ನು ಹೊರಗೆ ಬೋರಲು ಹಾಕಿ, ಮೋಲ್ಕು ಅಜ್ಜನ ಚಹಾದಂಗಡಿಯಲ್ಲಿ ಒಲೆಗೆ ಮೈಯೊಡ್ಡಿ ಕೂತಿದ್ದೆವು. ನಾನು ಹೊತ್ತು ತಂದಿದ್ದ ಇಂದೋರಿನ ಅಮ್ಮನೂ ಕಂಬಳಿ ಹೊದ್ದು ಮೂಲೆಯಲ್ಲಿದ್ದರು.

“ಬುಟ್ಟೀಲಿ ಕೂತ್ರೆ ಮುಖ ಹಿಂದಕ್ಕಿರುತ್ತಲ್ಲಪ್ಪ, ಬಂದ ದಾರಿ ಬಿಟ್ಟು ಏನೂ ಕಾಣಲ್ಲ. ಗುಡಿ ಕಾಣೋ ಹಾಗೆ ತಿರುಗಿ ನಡಿಯಯ್ಯಾ ಅಂದ್ರೆ ನಿಮ್ಮೋನು ನನ್ನ ಮೇಲೇ ರೇಗಿದ,” ಅಂತ ಆಕೆ ಅಜ್ಜನ ಹತ್ತಿರ ದೂರು ಹೇಳಿದರು.

ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದ ಅಜ್ಜನ ಕೈ ನಿಂತಿತು. ಅವನೂ ಹಿಂದೆ ಬುಟ್ಟಿ ಹೊತ್ತವನೇ. ಈಗ ಮಂಡಿ ಕೈಕೊಟ್ಟಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ.

“ರೇಗಿದ್ದು ಒಳ್ಳೇದಾಯ್ತು ತಾಯಿ. ಆ ಮಾತು ಈ ದಾರೀಲಿ ಆಡಬಾರದು... ಯಾಕೆ ಅಂತೀರಾ? ಏಯ್, ಆ ಮೊಬೈಲು ಒಳಗಿಡ್ರೋ, ದೊಡ್ಡೋರು ಮಾತಾಡೋದು ಕಾಣಲ್ವಾ? ಹೂಂ, ಕೇಳಿ.

“ಛತ್ರು ಅಂತ ನನ್ನ ಜೊತೆಗಾರ ಒಬ್ಬನಿದ್ದ. ಎತ್ತಿನಂಥಾ ಮೈ, ಹಸುವಿನಂಥಾ ಮನಸ್ಸು. ಮಾರವಾಡಿ ಅಜ್ಜಿ, ಬಂಗಾಳಿ ಅಜ್ಜಿ, ಯಾವ್ಯಾವ ಊರಿನ ಮುದುಕೀರನ್ನೋ ಹೊತ್ಕೊಂಡು ಹೋಗಿ ದರ್ಶನ ಮಾಡಿಸ್ದ, ಅವರೆಲ್ಲ ಅವನ ತಲೆ ಸವರಿ ‘ನೀನೇ ನನ್ನ ಮಗ ಕಣಪ್ಪಾ’ ಅಂತ ಹರಸಿ ಹೋದೋರೇ. ಆದ್ರೆ ಹೆತ್ತ ತಾಯಿ ಚೈತಾ ಇದ್ದಳಲ್ಲ, ಕೆಳಗೆ ಊರಲ್ಲಿ, ಹುಲ್ಲು ಕೊಯ್ಯೋಕೆ ಹೋಗಿ ಬಂಡೆಯಿಂದ ಬಿದ್ದು ಸೊಂಟ ಮುರ್ಕೊಂಡು ಕೂತಿದ್ದಳು... ಅವಳು ಮಾತ್ರ ಗುಡಿ ಕಂಡಿರಲಿಲ್ಲ. ನಗು ಬರುತ್ತಾ? ನಮ್ಮ ಹೆಂಗಸರಿಗೆ ದನ, ಹುಲ್ಲು, ಸೌದೆ, ಬಾಣಂತನ, ಇದರ ಮಧ್ಯೆ ದೇವರಿಗೆ ಪುರುಸೊತ್ತೆಲ್ಲಿ? ತನ್ನ ಗದ್ದೆಯ ಕೆಂಪಕ್ಕಿ ಒಂದು ಹಿಡಿ ಬಟ್ಟೇಲಿ ಗಂಟು ಕಟ್ಟಿ ಇಟ್ಕೊಂಡಿದ್ದಳು. ಗುಡಿ ಪಕ್ಕದ ಬಿಸಿನೀರ ಕುಂಡದಲ್ಲಿ ಎಲ್ಲರ ಹಾಗೆ ತಾನೂ ಕೈಯಾರೆ ಅದ್ದಿ ಬೇಯಿಸಿ ಪ್ರಸಾದ ಮಾಡ್ಕೋಬೇಕು, ಇಷ್ಟೇ ಅವಳ ಆಸೆ.

“‘ಮಗಾ, ನನ್ನ ಯಾವಾಗ ಹೊರ್ತೀಯೋ?’ ಅನ್ನೋಳು. ‘ಯಾತ್ರಿಕರು ಕಮ್ಮಿಯಾಗ್ಲಿ ಅವ್ವಾ, ಚಳಿಗಾಲಕ್ಕೆ ಗುಡಿ ಬಾಗಿಲು ಹಾಕೋ ಮುಂಚೆ ಕರ್ಕೊಂಡು ಹೋಗ್ತೀನಿ’ ಅನ್ನೋನು ಇವನು. ‘ಹೂಂ ಹೂಂ, ಊರೋರ ಅವ್ವಂದಿರೆಲ್ಲ ಮುಗೀಲಿ, ಆಮೇಲೆ ನಿನ್ನವ್ವ’ ಅಂತ ಚುಚ್ಚಿ ನಗೋಳು. ದೀಪಾವಳಿ ಕಳೀತು, ಗುಡಿ ಬಾಗಿಲು ಹಾಕಿದರು, ಹಿಮ ಬಿತ್ತು. ಆ ಚಳಿಗಾಲದಲ್ಲೇ ಚೈತಾ ಹೋಗಿಬಿಟ್ಟಳು. ಅಕ್ಕಿ ಗಂಟು ತಲೆದಿಂಬಿನ ಕೆಳಗೆ ಹಾಗೇ ಇತ್ತು.

“ಈಗ ನಮ್ಮಲ್ಲೊಂದು ಕಟ್ಟಳೆ ಉಂಟು. ಜನಾನ ಮೇಲೆ ಬಿಟ್ಟು ಇಳಿಯೋವಾಗ ಬುಟ್ಟಿ ಖಾಲಿ ತರಬಾರದು, ಒಂದು ಕಲ್ಲಾದ್ರೂ ಹಾಕ್ಕೋಬೇಕು. ಖಾಲಿ ಕಂಡ್ರೆ, ದರ್ಶನ ಸಿಗದೆ ಸತ್ತೋರು ಬಂದು ಕೂತುಬಿಡ್ತಾರೆ ಅಂತ. ಛತ್ರು ಮಾರನೇ ವರ್ಷ ಕಲ್ಲು ಹಾಕೋದೇ ಬಿಟ್ಟ. ಬೇಕಂತಲೇ ಬಿಟ್ಟ! ಅವ್ವನ ಅಕ್ಕಿ ಗಂಟು ಮಾತ್ರ ಬುಟ್ಟಿಯೊಳಗೆ ಕಟ್ಕೊಂಡಿದ್ದ. ‘ತಲೆ ಕೆಟ್ಟಿದೆಯೇನೋ ನಿಂಗೆ?’ ಅಂತ ಬೈದೆ. ‘ಬರ್ಲಿ ಬಿಡೋ, ಬಂದ್ರೆ ನಮ್ಮವ್ವ ತಾನೇ’ ಅಂದ.

“ಬಂದಳು.

“ಗುಡಿಯಿಂದ ಇಳಿಯೋಕೆ ಶುರು ಮಾಡಿದ್ರೆ ಬುಟ್ಟಿ ಭಾರ ಆಗೋದಂತೆ, ಅದನ್ನ ತಲೆಗೆ ತಗುಲಿಸೋ ಹಣೆಪಟ್ಟಿ ಬಿಗಿಯೋದಂತೆ, ಸೊಂಟ ಹಿಡ್ಕೊಂಡು ನರಳೋ ಸದ್ದೂ ಅವಳದೇ ಅಂತೆ. ಇಳಿಯೋವಾಗ ಬುಟ್ಟೀಲಿರೋರ ಮುಖ ಗುಡಿ ಕಡೆಗೇ ತಾನೇ ಇರೋದು? ಅದಕ್ಕೇ ಕೂರೋಳು. ಆದ್ರೆ ಮಗ ಇಳಿದ ಹಾಗೆಲ್ಲ... ‘ಮಗಾ, ಗುಡಿ ದೂರ ಹೋಗ್ತಾ ಇದೆಯಲ್ಲೋ’ ಅಂತ ಬೆನ್ನ ಹಿಂದೆ ಅಳೋಳಂತೆ. ತಿರುಗಿ ಮೇಲಕ್ಕೆ ಹೆಜ್ಜೆ ಹಾಕಿದ್ನೋ, ಅವಳ ಮುಖ ಕಣಿವೆ ಕಡೆ ಆಗುತ್ತಲ್ಲ, ಆ ಕ್ಷಣಕ್ಕೇ ಬುಟ್ಟಿ ಹಗುರ. ಗುಡಿಗೆ ಬೆನ್ನು ಹಾಕೋಕೆ ಅವಳು ಒಲ್ಲಳು. ಏನು ಮಾಡ್ತಾನೆ ಹೇಳಿ? ಊಟ ಬಿಟ್ಟ, ಸೊರಗಿ ಹೋದ. ಇದೇ ಬೆಂಚಿನ ಮೇಲೆ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಟ, ತಾಯಿ.

“ಒಂದಿನ ಇಂಥದೇ ಮಳೆ. ನಾನು ಬುಟ್ಟಿಗೆ ಕಲ್ಲು ಹಾಕ್ಕೊಂಡು ಇಳೀತಾ ಇದ್ದೆ. ಗುಡಿಯ ಸೂರು ಕಾಣೋ ತಿರುವು ಇದೆಯಲ್ಲ, ಅಲ್ಲಿಗೆ ಕೆಳಗಿಂದ ಛತ್ರು ಹತ್ತಿ ಬರ್ತಿದ್ದ. ಹೇಗೆ ಗೊತ್ತಾ? ಹಿಂದು ಹಿಂದಕ್ಕೆ! ಮುಖ ಕಣಿವೆಗೆ, ಬೆನ್ನು ಗುಡಿಗೆ. ಹಿಮ್ಮಡೀಲಿ ತಡಕಾಡಿ ತಡಕಾಡಿ ಒಂದೊಂದೇ ಮೆಟ್ಟಿಲು ಹತ್ತುತಾ ಇದ್ದ. ಮೇಲಿಂದ ನೋಡ್ತೀನಿ, ಬುಟ್ಟೀಲಿ ಅಕ್ಕಿ ಗಂಟು ಬಿಟ್ರೆ ಏನೂ ಇಲ್ಲ. ಆದ್ರೂ ಹಗ್ಗ ಬಿಗಿದು ನಿಂತಿದೆ, ಬುಟ್ಟಿ ತಳ ಜೋತು ಬಿದ್ದಿದೆ. ‘ಬಂತಾ ಮಗಾ?’ ಅಂತ ಹೆಂಗಸಿನ ದನಿ... ಈ ಕಿವೀಲೇ ಕೇಳಿದ್ದೀನಿ. ‘ಬಂತವ್ವಾ, ಇನ್ನೇನು ಬಂತು’ ಅಂದ ಛತ್ರು. ಅವ್ವ ಸತ್ತ ಮೇಲೆ ಅಷ್ಟು ಖುಷಿಯಾಗಿ ಅವನು ಮಾತಾಡಿದ್ದೇ ಇಲ್ಲ. ‘ಅಂಚು ಕಣೋ, ಛತ್ರೂ!’ ಅಂತ ಕಿರುಚಿದೆ. ದಾರಿ ತಿರುಗ್ತು, ಅವನು ತಿರುಗಲಿಲ್ಲ.

“ಕೆಳಗಿನ ಹೊಳೆ ಅವನ ಹೆಣಾನೂ ಕೊಡಲಿಲ್ಲ. ಗಂಟು ಮಾತ್ರ ಪೊದೆಗೆ ಸಿಕ್ಕಿತ್ತು. ಅವಳ ಆಸೆ ನಾನಾದ್ರೂ ತೀರಿಸೋಣ ಅಂತ ತಗೊಂಡು ಹೋಗಿ ಕುಂಡದಲ್ಲಿ ಅದ್ದಿದೆ. ಪಕ್ಕದೋರ ಅಕ್ಕಿಯೆಲ್ಲ ಬೆಂದು ಮೆತ್ತಗಾಯ್ತು, ಇದು ಬೇಯಲಿಲ್ಲ. ಈ ಮಂಡೀಲೂ ಪ್ರತಿ ವರ್ಷ ಕೋಲೂರ್ಕೊಂಡು ಹೋಗಿ ಅದ್ದುತೀನಿ, ಬೇಯಲ್ಲ. ಅಗೋ, ಆ ಡಬ್ಬೀಲಿದೆ ನೋಡಿ.”

ಇಂದೋರಿನ ಅಮ್ಮ ಡಬ್ಬಿಯ ಕಡೆ ನೋಡಲಿಲ್ಲ. “ಅಂದ್ರೆ... ಈಗಲೂ?” ಅಂದರು.

ಅಜ್ಜ ಆರಿದ ಚಹಾವನ್ನು ಮತ್ತೆ ಒಲೆಯ ಮೇಲಿಟ್ಟ.

“ಮಳೆ ನಿಂತ ಮೇಲೆ ಆ ತಿರುವಲ್ಲಿ ಕೆಸರು ನೋಡಿ ತಾಯಿ. ಬೆರಳು ಕೆಳಕ್ಕೆ, ಹಿಮ್ಮಡಿ ಮೇಲಕ್ಕೆ ಇರೋ ಹೆಜ್ಜೆ ಕಾಣುತ್ತೆ. ಯಾರೋ ಇಳಿದು ಹೋಗಿದ್ದಾರೆ ಅಂದ್ಕೋತಾರೆ ಜನ. ಇಳಿದ ಹೆಜ್ಜೆ ಅಲ್ಲ ಅದು... ಹತ್ತಿದ್ದು. ಅಂಚಿನ ತನಕ ಹೋಗಿ ಅಲ್ಲೇ ನಿಂತಿರುತ್ತೆ. ಆಮೇಲೆ ಇನ್ನೊಂದು ಮಾತು. ನಾಳೆ ನಿಮ್ಮನ್ನ ಹೊತ್ತೋನು ಆ ತಿರುವಲ್ಲಿ ‘ಬಂತವ್ವಾ, ಇನ್ನೇನು ಬಂತು’ ಅಂತ ಜೋರಾಗಿ ಕೂಗ್ತಾನೆ. ನಿಮಗೆ ಧೈರ್ಯ ಹೇಳ್ತಿದ್ದಾನೆ ಅಂದ್ಕೋಬೇಡಿ. ‘ಬಂತಾ ಮಗಾ?’ ಅಂತ ಕೇಳೋಳಿಗೆ ಯಾರಾದ್ರೂ ಉತ್ತರ ಕೊಡಬೇಕಲ್ಲ...”