ತಗೊಂಡವರು

ಕಳೆದ ವರ್ಷದಿಂದ ಇವಳು ಬಾಯಿಗೆ ಬೀಗವನ್ನೇ ಹಾಕಲ್ಲ ಅಂತ ನೀವೆಲ್ಲ ನನ್ನ ಆಡಿಕೊಳ್ಳುತ್ತೀರಿ. ಇರಲಿ. ದೀಪ ಆರಿಸಬೇಡಿ, ನಾನ್ಯಾಕೆ ಸುಮ್ಮನಿರಲ್ಲ ಅಂತ ಹೇಳುತ್ತೇನೆ.

ಇದು ನಮ್ಮ ದೊಡ್ಡಮ್ಮನ ದೊಡ್ಡ ಮಗಳಿಗೆ ಆದದ್ದು. ನಮಗೆಲ್ಲ ಅವಳು ಅಕ್ಕ. ರೇಡಿಯೋ ಕೇಂದ್ರದ ಅಂಗಳದಲ್ಲಿ ಜಾಲರಿ ಮುಚ್ಚಿದ ಒಂದು ಹಾಳುಬಾವಿ ಇತ್ತು. ರಾತ್ರಿ ಪಾಳಿ ಮುಗಿಸಿ ಅದರ ಪಕ್ಕದಲ್ಲೇ ಒಬ್ಬಳೇ ನಡೆದು ಬರುತ್ತಿದ್ದಳು. ಕೆಳಗೆ ನೀರು ಗುಳುಂ... ಗುಳುಂ... ಅನ್ನುತ್ತಿತ್ತು. ಅಲ್ಲಿ ಅವಳಿಗೆ ಏನೂ ಆಗಲಿಲ್ಲ. ಆದದ್ದು ಹಾಡಹಗಲಲ್ಲಿ, ಸಂಜೆ ನಾಲ್ಕೂವರೆಗೆ.

ಆಗ ಅವಳಿಗೆ ಇಪ್ಪತ್ತೆರಡು. ಆ ಪುಟ್ಟ ಕೇಂದ್ರಕ್ಕೆ ಉದ್ಘೋಷಕಿಯಾಗಿ ಸೇರಿ ಮೂರು ತಿಂಗಳೂ ತುಂಬಿರಲಿಲ್ಲ. ದೊಡ್ಡಮ್ಮ ಮಾತ್ರ ಬೀದಿಗೆಲ್ಲ ಕೇಳುವ ಹಾಗೆ ರೇಡಿಯೋ ಹಚ್ಚಿ, "ಟೈಮ್ ಹೇಳ್ತಿರೋದು ನಮ್ಮವಳೇ" ಅಂತ ಬೀಗುತ್ತಿದ್ದಳು.

ಸ್ಟುಡಿಯೋಗೆ ಒಂದು ಕಿಟಕಿಯೂ ಇರಲಿಲ್ಲ. ಗೋಡೆಗೆಲ್ಲ ಕಂಬಳಿಯಂಥ ದಪ್ಪ ಬಟ್ಟೆ. ಒಳಗೆ ಕೂತರೆ ಹಗಲೂ ರಾತ್ರಿಯೇ. ಬಾಗಿಲು ಒಂದು ಗೇಣು ದಪ್ಪ, ಒಳಗಿನ ಹಿಡಿ ಎಂದೋ ಕಿತ್ತುಬಂದಿತ್ತು. ಹೊರಗಿನಿಂದ ಯಾರಾದರೂ ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಯಮಗಳು ಎರಡೇ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ರೇಡಿಯೋ ಸುಮ್ಮನಿರಬಾರದು. ಮುಂದಿನ ಪಾಳಿಯವರು ಬಂದು ಬಾಗಿಲಾಚೆಯ ಗುಂಡಿ ಒತ್ತಿ, ಒಳಗಿನ ಸ್ಪೀಕರಿನಲ್ಲಿ "ತಗೊಂಡೆ" ಅನ್ನುವ ತನಕ ಕುರ್ಚಿ ಬಿಡಬಾರದು. ಯಾರು ಕೂತರು, ಎಷ್ಟು ಹೊತ್ತಿಗೆ ಎದ್ದರು, ಅದನ್ನ ಹೊರಗಿನ ಮೇಜಿನ ಪುಸ್ತಕದಲ್ಲಿ ಬರೆಯಬೇಕು.

ಅವತ್ತು ಅವಳ ತಂಗಿಗೆ ಹೆರಿಗೆ ನೋವು. ಕಷ್ಟ ಅಂತ ಡಾಕ್ಟರು ಕೈಚೆಲ್ಲುವ ಹಾಗೆ ಮಾತಾಡಿದ್ದರು. "ನೀನ್ ಬಂದು ಕೈ ಹಿಡ್ಕೋ ಅಕ್ಕ, ನಂಗೆ ಭಯ" ಅಂದಿದ್ದಳು ತಂಗಿ. ನಾಲ್ಕೂವರೆಗೆ ಹೊರಟೇ ಬಿಡ್ತೀನಿ ಅಂತ ಅಕ್ಕ ಮಾತು ಕೊಟ್ಟಿದ್ದಳು.

ನಾಲ್ಕೂವರೆ ಆಯಿತು. ಯಾರೂ ಬರಲಿಲ್ಲ. ಬರಬೇಕಾದವರ ಸ್ಕೂಟರು ದಾರಿಯಲ್ಲಿ ಕೈಕೊಟ್ಟಿತ್ತಂತೆ, ಅದು ತಿಳಿದದ್ದು ಆಮೇಲೆ.

ಹಾಡು ಮುಗಿಯಿತು. ಕ್ರಕ್... ಕ್ರಕ್... ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳು. ಅಕ್ಕ ಸಮಯ ಹೇಳಿ ಇನ್ನೊಂದು ತಟ್ಟೆ ಹಾಕಿದಳು. ಎದ್ದು ಬಾಗಿಲು ಗುದ್ದಿದಳು. ಬಟ್ಟೆ ಸದ್ದನ್ನು ನುಂಗಿತು. ಕೂಗಿದಳು, ಅದನ್ನೂ ನುಂಗಿತು. ಹಾಡು ಮುಗಿಯುತ್ತ ಬಂತು, ಮತ್ತೆ ಕುರ್ಚಿಗೆ ಓಡಿದಳು. ಮೈಕು ಆರಿಸಿ ಅಳುವುದು, ಮೂಗು ಒರೆಸಿ ಮೈಕು ಹಾಕುವುದು, ನಗುನಗುತ್ತ ಸಮಯ ಹೇಳುವುದು. ಹೊರಗೆ ಹೋಗುವ ಹಾಗಿಲ್ಲ, ಒಳಗೆ ಸುಮ್ಮನಿರುವ ಹಾಗೂ ಇಲ್ಲ.

"ಯಾರಾದ್ರೂ ಬನ್ನಿ... ಯಾರಾದ್ರೂ ಸರಿ."

ಕಿರ್ರ್... ಗೋಡೆಯ ಸ್ಪೀಕರಿಗೆ ಜೀವ ಬಂತು.

"ತಗೊಂಡೆ. ನೀನ್ ಹೊರಡು."

ದನಿ ಅಕ್ಕನದೇ.

ಟಕ್. ಚಿಲಕ ಸರಿಯಿತು. ಬಾಗಿಲು ಸುಸ್ಸ್ ಅಂತ ತೆರೆಯಿತು. ಆಚೆ ಯಾರೂ ಇಲ್ಲ. ನಿಂತು ಯೋಚಿಸುವ ವ್ಯವಧಾನ ಅವಳಿಗೆ ಎಲ್ಲಿಂದ ಬರಬೇಕು? ಎದ್ದೆನೋ ಬಿದ್ದೆನೋ ಅಂತ ಓಡಿದಳು.

ಸರಿಯಾದ ಹೊತ್ತಿಗೇ ಹೋಗಿ ತಂಗಿಯ ಕೈ ಹಿಡಿದಳು. ಮಗು ಅತ್ತಿತು. ಸಂತೋಷದಲ್ಲಿ ಹೊರಗೆ ಬಂದರೆ, ದೊಡ್ಡಮ್ಮ ತೊಡೆಯ ಮೇಲೆ ರೇಡಿಯೋ ಇಟ್ಟುಕೊಂಡು ಬೆಪ್ಪಾಗಿ ಕೂತಿದ್ದಾಳೆ.

"ಈಗ ಸಮಯ, ಐದು ಗಂಟೆ ಇಪ್ಪತ್ತು ನಿಮಿಷ." ಅಕ್ಕನ ದನಿ, ಸ್ವಲ್ಪ ಮೂಗು ಕಟ್ಟಿದ ಹಾಗೆ. ಆಸ್ಪತ್ರೆಯ ಗಡಿಯಾರದಲ್ಲೂ ಐದು ಇಪ್ಪತ್ತೇ.

"ಮೊದ್ಲೇ ಹೇಳಿಟ್ ಬಂದ್ಯೇನೇ?" ದೊಡ್ಡಮ್ಮ ಪಿಸುಗುಟ್ಟಿದಳು.

"ಹೂಂ, ಅಮ್ಮ." ಇನ್ನೇನು ಹೇಳುತ್ತಾಳೆ ಪಾಪ!

ಮಾರನೇ ದಿನ ಪುಸ್ತಕ ತೆರೆದಳು. ಅವಳ ಹೆಸರು, ಎದ್ದದ್ದು ನಾಲ್ಕು ನಲವತ್ತೆರಡಕ್ಕೆ. ಅದರ ಕೆಳಗಿನ ಸಾಲಿನಲ್ಲಿ ಮತ್ತೆ ಅವಳದೇ ಹೆಸರು, ಅವಳದೇ ದುಂಡು ಅಕ್ಷರ. ಆ ಎದ್ದ ಹೊತ್ತನ್ನೂ ಕೆಳಗಿನ ಸಾಲನ್ನೂ ಅವಳು ಬರೆದಿರಲಿಲ್ಲ. ತಡವಾಗಿ ಬಂದವರು ಒಳಗೆ ಯಾರೂ ಕಾಣದೆ, ಗುಂಡಿ ಒತ್ತದೆಯೇ ಕೂತಿದ್ದರಂತೆ. ಆ ಎರಡನೆಯವಳು ಎದ್ದ ಹೊತ್ತು ಮಾತ್ರ... ಖಾಲಿ.

ಆಮೇಲೆ ಕೆಲಸ ಕಾಯಂ ಆಯಿತು, ಮದುವೆಯಾಯಿತು, ಹೆಸರೂ ಬಂತು. ಆದರೆ ದಿನಾ ಆ ಹೊತ್ತಿಗೆ, ಎಲ್ಲೇ ಇರಲಿ, ಅವಳ ಬೆನ್ನು ಬೆವರುತ್ತಿತ್ತು. "ನಾನು ಹೊರಗೇ ಬಂದಿಲ್ಲ ಕಣೇ" ಅಂತ ಒಮ್ಮೆ ನನ್ನ ಕಿವಿಯಲ್ಲಿ ಅಂದಳು. "ಅಲ್ಲೇ ಕೂತಿದೀನಿ. ಯಾರೂ ಬಂದು ಬಿಡಿಸ್ಲಿಲ್ಲ."

ಕಳೆದ ವರ್ಷ ಅವಳ ನಿವೃತ್ತಿ. ಕೇಂದ್ರ ಹೊಸ ಕಟ್ಟಡಕ್ಕೆ ಹೋಗಿತ್ತು, ಹಳೆಯದಕ್ಕೆ ಕರೆಂಟು ತೆಗೆದು ಎರಡು ವರ್ಷ. "ಅವಳನ್ನ ಬಿಡಿಸ್ಬೇಕು, ಬಾ" ಅಂತ ಅಕ್ಕ ನನ್ನನ್ನ ಎಳೆದುಕೊಂಡು ಹೋದಳು. ನಾನು ಬಟ್ಟೆ ಹೊಲಿಯುವವಳು, ರೇಡಿಯೋದ ಗಂಧಗಾಳಿ ಗೊತ್ತಿಲ್ಲ.

ಅಕ್ಕ ಗುಂಡಿ ಒತ್ತಿದಳು. "ತಗೊಂಡೆ. ನೀನ್ ಹೊರಡು."

ಟಕ್... ಸುಸ್ಸ್. ನಮ್ಮಿಬ್ಬರ ನಡುವೆ ತಣ್ಣಗೆ ಏನೋ ಸುಳಿಯಿತು. "ಎಷ್ಟ್ ತಡ ಮಾಡ್ಬಿಟ್ಟೆ..." ಇಪ್ಪತ್ತೆರಡರ ದನಿ. ಟಪ್ ಟಪ್ ಟಪ್, ಎರಡೆರಡು ಮೆಟ್ಟಿಲು ಹಾರಿಕೊಂಡು ಚಪ್ಪಲಿ ಸದ್ದು ಇಳಿದುಹೋಯಿತು.

ಕುರ್ಚಿ ಖಾಲಿಯಾಯಿತೇ ಅಂತ ನೋಡಲು ಅಕ್ಕ ಒಂದೇ ಹೆಜ್ಜೆ ಒಳಗಿಟ್ಟಳು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಪಾಳಿ ನಡೆದಿದೆ ಅಂತ ತೋರಿಸುವ ಬಾಗಿಲ ಮೇಲಿನ ಕೆಂಪು ದೀಪ, ಕರೆಂಟಿಲ್ಲದಿದ್ದರೂ ಹತ್ತಿತು. ನಾನು ಜಗ್ಗಿದೆ, ಒದ್ದೆ, ಅದು ಜಪ್ಪಯ್ಯ ಅನ್ನಲಿಲ್ಲ. ಬಾಗಿಲ ಸಂದಿಯಿಂದ ಸಣ್ಣಗೆ ಬಂತು:

"ನೀನ್ ಅನ್ನೇ... ಯಾರಾದ್ರೂ ಅನ್ನದೆ ಇದು ಬಿಡಲ್ಲ..."

ಗುಂಡಿ ಒತ್ತಿ "ತಗೊಂಡೆ" ಅಂದುಬಿಟ್ಟೆ. ನಮ್ಮ ಅಕ್ಕ ಅಲ್ಲವೇ?

ಬಾಗಿಲು ತೆರೆಯಿತು. ಅವಳು ನನ್ನನ್ನ ತಬ್ಬಿಕೊಂಡು ಅತ್ತಳು. ಈಗ ಹಾಯಾಗಿ ನಿದ್ದೆ ಮಾಡುತ್ತಾಳೆ, ಬೇಕಾದರೆ ಹೋಗಿ ಕೇಳಿ. ನನ್ನಾಣೆಗೂ ನಡೆದದ್ದು.

ಹೊರಡುವಾಗ ಮೇಜಿನ ಮೇಲೆ ಆ ಹಳೇ ಪುಸ್ತಕ ಬಿಚ್ಚಿಕೊಂಡಿತ್ತು. ಖಾಲಿ ಇದ್ದ ಜಾಗ ತುಂಬಿತ್ತು. ಅದರ ಕೆಳಗೆ ಅಕ್ಕನ ಹೆಸರು, ಎದ್ದ ಹೊತ್ತು. ಅದರ ಕೆಳಗೆ ನನ್ನ ಹೆಸರು, ನನ್ನದೇ ಸೊಟ್ಟ ಅಕ್ಷರದಲ್ಲಿ. ನಾನು ಪೆನ್ನು ಮುಟ್ಟಿರಲಿಲ್ಲ. ಶಾಯಿ ಇನ್ನೂ ಹಸಿಯಾಗಿತ್ತು, ಪಕ್ಕದಲ್ಲಿ ಎದ್ದ ಹೊತ್ತಿನ ಜಾಗ ಖಾಲಿ ಇತ್ತು.